ಬೆರಳಿನ ಜೊತೆ ಪುಟವೂ ಬರಬೇಕು

ಲ್ಯಾಪ್‌ಟಾಪ್ ಹಳೇದಾಯ್ತು, ತುಂಬಾ ನಿಧಾನ, ಹೊಸದು ತಗೋಬೇಕು ಅಂತ ಯಾರಾದರೂ ಹೇಳಿದರೆ ನಾನು ಈಗ ಒಂದೇ ಕೆಲಸ ಹೇಳುತ್ತೇನೆ. ಉದ್ದದ ಒಂದು ಪುಟ ತೆಗೆಯಿರಿ, ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಇಡಿ, ಮೆಲ್ಲಗೆ ಸ್ಕ್ರಾಲ್ ಮಾಡಿ. ಪುಟ ಬೆರಳಿನ ಜೊತೆಗೇ ಬರುತ್ತಾ, ಇಲ್ಲ ಎಗರಿ ಎಗರಿ ಹೋಗುತ್ತಾ? ಎಗರುತ್ತಿದ್ದರೆ, ನೀವು ಬಳಸುತ್ತಿರುವುದು ಲಿನಕ್ಸ್ ಆಗಿದ್ದರೆ, ದುಡ್ಡು ಖರ್ಚು ಮಾಡುವ ಮೊದಲು ಲಾಗಿನ್ ಪರದೆಯಲ್ಲಿ ಒಂದು ಆಯ್ಕೆ ಬದಲಾಯಿಸಿ ನೋಡಿ. ಎಕ್ಸ್ ಇದ್ದ ಜಾಗದಲ್ಲಿ ವೇಲ್ಯಾಂಡ್. ಲಿನಕ್ಸ್‌ನಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವುದು, ಮೌಸ್, ಟಚ್‌ಪ್ಯಾಡಿನ ಚಲನೆಯನ್ನು ಆ್ಯಪ್‌ಗಳಿಗೆ ತಿಳಿಸುವುದು ಇವುಗಳ ಕೆಲಸ. ಎಕ್ಸ್ ಹಳೆಯ ವ್ಯವಸ್ಥೆ, ವೇಲ್ಯಾಂಡ್ ಹೊಸದು.

ಇದನ್ನು ಬರೆಯುವುದಕ್ಕೆ ಕಾರಣ ನಮ್ಮ ಚಿಕ್ಕಪ್ಪ. ಮಂಡ್ಯದಲ್ಲಿದ್ದಾರೆ, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ರಿಟೈರ್ ಆದವರು. ಈಗ ದಿನವಿಡೀ ಓದೋದೇ ಕೆಲಸ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ, ಪತ್ರಿಕೆ, ಉದ್ದುದ್ದ ಲೇಖನ, ಎಲ್ಲವೂ ಲ್ಯಾಪ್‌ಟಾಪಿನಲ್ಲೇ. ಹೋದ ತಿಂಗಳು ಕಣ್ಣು ತೋರಿಸಿಕೊಳ್ಳಲು ಮೈಸೂರಿಗೆ ಬಂದವರು ಸರಸ್ವತಿಪುರಂನ ನಮ್ಮ ಮನೆಗೂ ಬಂದರು. ಕಣ್ಣು ಚೆನ್ನಾಗಿದೆ, ಕನ್ನಡಕದ ನಂಬರೂ ಬದಲಾಗಿಲ್ಲ ಅಂದರಂತೆ ಡಾಕ್ಟರು. ಹಾಗಿದ್ದರೂ ಅರ್ಧ ಗಂಟೆ ಓದಿದರೆ ತಲೆ ಭಾರ. ಕಾಫಿ ಕುಡಿಯುತ್ತಾ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ನನ್ನ ಮುಂದೆ ಇಟ್ಟರು.

"ಬೆರಳು ಒಂಚೂರು ಆಡ್ಸಿದ್ರೆ ಪುಟ ಎಗರ್ಕೊಂಡು ಹೊಂಟೋಯ್ತದೆ ಕಣ್ಲಾ ಮಗ. ಎಲ್ಲಿ ಓದ್ತಿದ್ದೆ ಅನ್ನೋದೇ ಗೊತ್ತಾಗಕಿಲ್ಲ."

ಪಕ್ಕದಲ್ಲಿ ಕೂತು ನೋಡಿದೆ. ಅವರು ಓದುವ ರೀತಿ ಹೇಗೆ ಅಂದರೆ, ಓದುತ್ತಿರುವ ಸಾಲನ್ನು ಪರದೆಯ ಮಧ್ಯದಲ್ಲೇ ಇಟ್ಟುಕೊಳ್ಳುತ್ತಾರೆ, ಒಂದು ಸಾಲು ಮುಗಿದ ಹಾಗೆ ಪುಟವನ್ನು ಒಂದು ಸಾಲಿನಷ್ಟು ಮೇಲೆ ತಳ್ಳುತ್ತಾರೆ. ಬೆರಳು ಕೂದಲೆಳೆಯಷ್ಟು ಸರಿಯಿತು, ಪುಟ ಕದಲಲಿಲ್ಲ. ಇನ್ನೂ ಸ್ವಲ್ಪ ಸರಿಯಿತು, ಆಗಲೂ ಇಲ್ಲ. ಮತ್ತೊಂಚೂರು, ಅಷ್ಟೇ, ಮೂರು ಸಾಲು ಒಟ್ಟಿಗೆ ಮೇಲೆ ಹೋಯಿತು. ಅವರ ಕಣ್ಣು ಹಳೆಯ ಜಾಗದಲ್ಲೇ ಇತ್ತು. ಮತ್ತೆ ಹುಡುಕಬೇಕು. ಒಂದು ಪುಟಕ್ಕೆ ಹತ್ತು ಹದಿನೈದು ಸಲ ಹೀಗೆ ಹುಡುಕಿದರೆ ಯಾರಿಗೆ ತಾನೇ ತಲೆ ಭಾರ ಆಗಲ್ಲ?

ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಲಿನಕ್ಸ್‌ನ ಒಂದು ರೂಪವಾದ ಉಬುಂಟು 22.04. ಅದರಲ್ಲಿ ವೇಲ್ಯಾಂಡ್ ತಾನಾಗೇ ಬರಬೇಕಿತ್ತು. ಆದರೆ ಹಾಕಿಕೊಟ್ಟವರು ಯಾವುದೋ ಆನ್‌ಲೈನ್ ಮೀಟಿಂಗಿನಲ್ಲಿ ಸ್ಕ್ರೀನ್ ಶೇರ್ ಆಗಲಿಲ್ಲ ಅಂತ ಎಕ್ಸ್‌ಆರ್ಗ್ (ಅಂದರೆ ಎಕ್ಸ್) ಆರಿಸಿ ಹಾಗೇ ಬಿಟ್ಟುಹೋಗಿದ್ದರು. ಲಾಗ್ ಔಟ್ ಮಾಡಿದೆ. ಹೆಸರು ಒತ್ತಿದ ಮೇಲೆ, ಪಾಸ್‌ವರ್ಡ್ ಹಾಕುವ ಮೊದಲು, ಕೆಳಗೆ ಬಲಗಡೆ ಮೂಲೆಯಲ್ಲಿ ಹಲ್ಲಿನ ಚಕ್ರದ ಗುರುತು ಬರುತ್ತದೆ. ಅದನ್ನು ಒತ್ತಿದರೆ ಎರಡು ಆಯ್ಕೆ. ಎಕ್ಸ್‌ಆರ್ಗ್ ಅಂತ ಇಲ್ಲದ್ದನ್ನು ಆರಿಸಿ ಒಳಗೆ ಹೋದೆ. ಅದೇ ಬ್ರೌಸರ್, ಅದೇ ಲೇಖನ. ಚಿಕ್ಕಪ್ಪ ಬೆರಳು ಇಟ್ಟರು. ಬೆರಳು ಸರಿದಷ್ಟೇ ಪುಟ ಸರಿಯಿತು. ಅರ್ಧ ಸಾಲು ಬೇಕು ಅಂದರೆ ಅರ್ಧ ಸಾಲು. ಏನೂ ಮಾತಾಡಲಿಲ್ಲ ಅವರು, ಸುಮ್ನೆ ಓದೋಕೆ ಶುರು ಮಾಡಿದರು. ಕಾಫಿ ಆರಿಹೋಯ್ತು.

ಯಾಕೆ ಹೀಗೆ ಅನ್ನೋದನ್ನು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇದು ಕಂಪ್ಯೂಟರ್ ಹಳೇದಾದ್ದರಿಂದ ಆಗುವ ತೊಂದರೆ ಅಂತ ಎಷ್ಟೋ ಜನ ನಂಬಿಕೊಂಡಿದ್ದಾರೆ.

ಎಕ್ಸ್ ಅನ್ನೋದು 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು. ನಾವು ಇವತ್ತು ಬಳಸುವ ಎಕ್ಸ್11 ಬಂದದ್ದು 1987ರಲ್ಲಿ. ಮೌಸಿಗೆ ಚಕ್ರ ಅನ್ನೋದು ಜನರ ಕೈಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅಂದರೆ ಎಕ್ಸ್ ಬರೆದವರ ಮುಂದೆ ಸ್ಕ್ರಾಲ್ ಮಾಡುವ ಚಕ್ರವೂ ಇರಲಿಲ್ಲ, ಎರಡು ಬೆರಳಿನ ಟಚ್‌ಪ್ಯಾಡೂ ಇರಲಿಲ್ಲ. ಆಮೇಲೆ ಚಕ್ರ ಬಂದಾಗ ಇದ್ದದ್ದರಲ್ಲೇ ದಾರಿ ಮಾಡಿಕೊಂಡರು. ಚಕ್ರವನ್ನು ಮೇಲಕ್ಕೆ ತಿರುಗಿಸಿದರೆ ನಾಲ್ಕನೇ ಬಟನ್ ಒತ್ತಿದ ಹಾಗೆ, ಕೆಳಕ್ಕೆ ತಿರುಗಿಸಿದರೆ ಐದನೇ ಬಟನ್ ಒತ್ತಿದ ಹಾಗೆ. ಬಟನ್ ಅಂದ ಮೇಲೆ ಒತ್ತಿದೆ ಅಥವಾ ಒತ್ತಿಲ್ಲ, ನಡುವೆ ಏನೂ ಇಲ್ಲ. ಕಾಲು ಭಾಗ ಒತ್ತೋದು ಅನ್ನೋದೇ ಇಲ್ಲ. ಚಿಕ್ಕಪ್ಪನ ಬೆರಳು ಕೂದಲೆಳೆಯಷ್ಟು ಸರಿದಾಗ ಪುಟ ಕದಲದೇ ಇದ್ದದ್ದು ಅದಕ್ಕೇ. ಒಂದು ಬಟನ್ ಒತ್ತಿದಷ್ಟು ಲೆಕ್ಕ ಇನ್ನೂ ತುಂಬಿರಲಿಲ್ಲ. ತುಂಬಿದ ಕ್ಷಣ ಮೂರು ಸಾಲು.

ಇದನ್ನು ಸರಿ ಮಾಡಲು ಎಕ್ಸ್‌ನಲ್ಲೂ ಪ್ರಯತ್ನ ಆಗಿದೆ, ಅದನ್ನು ಮುಚ್ಚಿಡಬಾರದು. ಎಕ್ಸ್‌ಇನ್‌ಪುಟ್ ಅನ್ನುವ ಸೇರ್ಪಡೆಯ 2.1 ಆವೃತ್ತಿಯಲ್ಲಿ, 2012ರ ಹೊತ್ತಿಗೆ, ಸ್ಕ್ರಾಲ್‌ನ ಸಣ್ಣ ಸಣ್ಣ ಅಳತೆಯನ್ನೂ ಕಳಿಸುವ ವ್ಯವಸ್ಥೆ ಬಂತು. ಆದರೆ ಪ್ರತಿಯೊಂದು ಆ್ಯಪ್ ಅದನ್ನು ಕೇಳಿ ಪಡೆಯಬೇಕು. ಕೇಳದೇ ಇರುವ ಆ್ಯಪಿಗೆ ಅದೇ ಹಳೆಯ ನಾಲ್ಕು, ಐದು. ಫೈರ್‌ಫಾಕ್ಸ್ ಕೂಡ ತುಂಬಾ ಕಾಲ ತಾನಾಗಿ ಕೇಳುತ್ತಿರಲಿಲ್ಲ, ಅದು ಶುರುವಾಗುವ ಮೊದಲೇ ಎಕ್ಸ್‌ಇನ್‌ಪುಟ್ 2 ಬಳಸು ಅಂತ ನಾವೇ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಆ್ಯಪ್ ಶುರುವಾಗುವಾಗ ಓದಿಕೊಳ್ಳುವ ಒಂದು ಸೂಚನೆ, ಇಡಬೇಕಿತ್ತು. ನಾನು ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ಎಕ್ಸ್‌ನಲ್ಲೇ ಇರಬೇಕಾದವರು ಅದನ್ನೂ ಒಮ್ಮೆ ಮಾಡಿ ನೋಡಬಹುದು. ಆದರೆ ಮಂಡ್ಯದಲ್ಲಿ ಕೂತಿರುವ ಎಪ್ಪತ್ತು ವರ್ಷದ ಮೇಷ್ಟ್ರಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಇಡಿ ಅಂತ ಹೇಳೋದು ಯಾವ ನ್ಯಾಯ?

ವೇಲ್ಯಾಂಡ್ ಅನ್ನು ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಅನ್ನುವವರು 2008ರಲ್ಲಿ ಶುರು ಮಾಡಿದರು. 1.0 ಬಂದದ್ದು 2012ರಲ್ಲಿ. ಇದರಲ್ಲಿ ಸ್ಕ್ರಾಲ್‌ಗೆ ಅದರದ್ದೇ ಸಂದೇಶ ಇದೆ, ಬಟನ್ನಿನ ವೇಷ ಇಲ್ಲ. ಎಷ್ಟು ಸರಿಯಿತು ಅನ್ನುವುದು ದಶಾಂಶದ ಹಾಗೆ ಚೂರು ಚೂರಾಗಿ ಬರುತ್ತದೆ. ಒಂದು ಅಳತೆಯ 256ನೇ ಒಂದು ಭಾಗವನ್ನೂ ಹೇಳಬಹುದು. ಸ್ಕ್ರಾಲ್ ಬಂದದ್ದು ಬೆರಳಿನಿಂದಲೋ ಚಕ್ರದಿಂದಲೋ ಅಂತಲೂ ಹೇಳುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಬೆರಳು ಎತ್ತಿದ ತಕ್ಷಣ, ಎತ್ತಿದರು ಅಂತ ಪ್ರತ್ಯೇಕ ಸಂದೇಶ ಹೋಗುತ್ತದೆ. ಅದು ಗೊತ್ತಾದರೆ ತಾನೇ ಆ್ಯಪ್ ಪುಟವನ್ನು ಸ್ವಲ್ಪ ದೂರ ತೇಲಿಸಿ ಮೆಲ್ಲಗೆ ನಿಲ್ಲಿಸಲು ಆಗುವುದು, ಫೋನಿನಲ್ಲಿ ಆಗುವ ಹಾಗೆ? ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲಲ್ಲೂ ಹೋಗಬಹುದು, ರಸ್ತೆಯಲ್ಲೂ ಹೋಗಬಹುದು. ಮೆಟ್ಟಿಲಲ್ಲಿ ಅರ್ಧ ಮೆಟ್ಟಿಲಿಗೆ ನಿಲ್ಲಲು ಆಗಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ವಿಷಯ ಪರದೆ ಹರಿಯೋದು, ಅಂದರೆ ಬಟ್ಟೆ ಹರಿದ ಹಾಗೆ ಚಿತ್ರ ಎರಡು ತುಂಡಾಗಿ ಕಾಣೋದು. ಇದನ್ನು ಕನ್ನಡ ಓದುವವರು ಬೇರೆಯವರಿಗಿಂತ ಚೆನ್ನಾಗಿ ನೋಡಿರುತ್ತಾರೆ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಒಂದೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್. ಆ ಬದಲಾವಣೆಯ ನಡುವೆ ಹೊಸ ಚಿತ್ರ ನುಗ್ಗಿದರೆ ಮೇಲಿನ ಅರ್ಧ ಹೊಸದು, ಕೆಳಗಿನ ಅರ್ಧ ಹಳೆಯದು. ನಾನು ಪುಸ್ತಕದ ಕರಡು ತಿದ್ದುವ ಕೆಲಸ ಮಾಡುತ್ತೇನೆ. ಮೊದಲು ಒಂದು ಹಳೆಯ ಮೆಷಿನ್ನಿನಲ್ಲಿ ಹಗುರವಾದ ಡೆಸ್ಕ್‌ಟಾಪ್ (ವಿಂಡೋ, ಮೆನು ತೋರಿಸುವ ತಂತ್ರಾಂಶ) ಹಾಕಿಕೊಂಡು, ಎಲ್ಲಾ ವಿಂಡೋಗಳನ್ನು ಸೇರಿಸಿ ಒಂದು ಚಿತ್ರ ಮಾಡುವ ಕಂಪೋಸಿಟರ್ ಆಫ್ ಮಾಡಿಕೊಂಡು ಇದೇ ಕೆಲಸ ಮಾಡುತ್ತಿದ್ದೆ. ಸ್ಕ್ರಾಲ್ ಮಾಡುವಾಗ ಹರಿದ ಗೆರೆ ಸರಿಯಾಗಿ ಒಂದು ಸಾಲಿನ ಮೇಲೆ ಬಿತ್ತು ಅಂದುಕೊಳ್ಳಿ. 'ಕಬ್ಬು' ಅನ್ನುವ ಪದದಲ್ಲಿ ಒತ್ತು ಒಂದು ಕ್ಷಣ ಎರಡು ಸಲ ಕಾಣುತ್ತದೆ, ಇಲ್ಲ ಅರ್ಧಕ್ಕೆ ಕತ್ತರಿಸಿದ ಹಾಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅಕ್ಷರದ ಕೆಳಗೆ ಹೆಚ್ಚು ಏನೂ ಇರಲ್ಲ. ನಮ್ಮಲ್ಲಿ ಅರ್ಧ ಅರ್ಥ ಕೆಳಗೇ ಇರುತ್ತದೆ. ಒತ್ತು ಸರಿ ಇದೆಯೋ ಇಲ್ಲವೋ ನೋಡುವುದೇ ಕೆಲಸ ಆದವರಿಗೆ ಇದು ಎಂಥಾ ಹಿಂಸೆ ಅಂತ ಹೇಳಲು ಆಗಲ್ಲ. ತಪ್ಪು ಅಂದುಕೊಂಡು ನಿಂತು ನೋಡಿದರೆ ಪದ ಸರಿಯಾಗೇ ಇರುತ್ತದೆ. ವೇಲ್ಯಾಂಡ್‌ನಲ್ಲಿ ಪೂರ್ತಿ ತಯಾರಾದ ಚಿತ್ರವನ್ನೇ ಕಂಪೋಸಿಟರ್ ಪರದೆಗೆ ಕೊಡುತ್ತದೆ, ಅರೆಬರೆ ಕೊಡುವುದಿಲ್ಲ. ಹಾಗೆಂದೇ ಅದನ್ನು ಕಟ್ಟಿದ್ದಾರೆ.

ಹಾಗಂತ ಎಲ್ಲರೂ ಕಣ್ಣು ಮುಚ್ಚಿಕೊಂಡು ಹೋಗಿ ಅಂತ ನಾನು ಹೇಳಲ್ಲ. ಮಾಮೂಲಿ ಮೌಸಿನ ಚಕ್ರದಲ್ಲಿ ಸ್ಕ್ರಾಲ್ ಮಾಡುವವರಿಗೆ ಅಷ್ಟು ವ್ಯತ್ಯಾಸ ಕಾಣಲ್ಲ. ಆ ಚಕ್ರವೇ ಟಿಕ್ ಟಿಕ್ ಅಂತ ಹಲ್ಲು ಹಲ್ಲಾಗಿ ತಿರುಗುತ್ತದೆ, ಅದನ್ನು ನಯವಾಗಿ ತೋರಿಸುವುದು ಬ್ರೌಸರಿನ ಕೆಲಸ, ಎರಡೂ ಕಡೆ ಮಾಡುತ್ತದೆ. ಲಾಭ ಜಾಸ್ತಿ ಇರುವುದು ಟಚ್‌ಪ್ಯಾಡ್ ಬಳಸುವವರಿಗೆ, ಮತ್ತೆ ಬೇರೆ ಬೇರೆ ವೇಗದ ಎರಡು ಮಾನಿಟರ್ ಇಟ್ಟುಕೊಂಡವರಿಗೆ.

ಗ್ರಾಫಿಕ್ಸ್ ಕಾರ್ಡ್ ನೋಡಿಕೊಳ್ಳಿ. ಇಂಟೆಲ್, ಎಎಂಡಿ ಆದರೆ ಯೋಚನೆ ಬೇಡ. ಎನ್ವಿಡಿಯಾ ಆದರೆ ಡ್ರೈವರ್ ಯಾವುದು ಅಂತ ನೋಡಬೇಕು. 2021ರಲ್ಲಿ ಬಂದ 495ನೇ ಡ್ರೈವರಿನಿಂದ ವೇಲ್ಯಾಂಡ್‌ಗೆ ದಾರಿ ತೆರೆಯಿತು, 2024ರ 555ರಲ್ಲಿ ಎಕ್ಸ್‌ಪ್ಲಿಸಿಟ್ ಸಿಂಕ್ (ಚಿತ್ರ ತಯಾರಾಯಿತು ಅಂತ ಸ್ಪಷ್ಟವಾಗಿ ತಿಳಿಸುವ ವ್ಯವಸ್ಥೆ) ಬಂದ ಮೇಲೆ ಪರದೆ ಮಿನುಗುವುದು ಬಹಳ ಕಡಿಮೆಯಾಯಿತು. ಆದರೆ ನಮ್ಮೂರ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಓಡುತ್ತಿರುವ ಜಿಟಿ 710 ತರಹದ ಹಳೆಯ ಕಾರ್ಡುಗಳಿಗೆ 470ರ ಸಾಲಿನ ಡ್ರೈವರೇ ಕೊನೆ. ಅಂಥವರು ಎಕ್ಸ್‌ನಲ್ಲೇ ನೆಮ್ಮದಿಯಾಗಿರಿ. ಎಕ್ಸ್‌ಎಫ್‌ಸಿಇ ಅನ್ನುವ ಡೆಸ್ಕ್‌ಟಾಪ್ ಬಳಸುವವರೂ ಅಷ್ಟೇ, ಅದರಲ್ಲಿ ವೇಲ್ಯಾಂಡ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಎಕ್ಸ್‌ನಲ್ಲಿ ಇರುವವರಿಗೆ ಇಂಟೆಲ್ ಮತ್ತು ಎಎಂಡಿ ಡ್ರೈವರುಗಳಲ್ಲಿ ಟೇರ್‌ಫ್ರೀ ಅನ್ನುವ ಆಯ್ಕೆ ಇದೆ, ಹರಿಯೋದು ಅದರಿಂದ ನಿಲ್ಲುತ್ತದೆ.

ಕನ್ನಡ ಟೈಪಿಂಗ್ ವಿಷಯ. ಇದಕ್ಕೆ ಹೆದರಿಯೇ ಎಷ್ಟೋ ಜನ ಬದಲಾಯಿಸಲ್ಲ. ಉಬುಂಟುವಿನ ಮಾಮೂಲಿ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ, ಕನ್ನಡ ಟೈಪ್ ಮಾಡಲು ಬಳಸುವ ಐಬಸ್ ಮೊದಲಿನ ಹಾಗೇ ಕೆಲಸ ಮಾಡುತ್ತದೆ. ಕೆಡಿಇ ಪ್ಲಾಸ್ಮಾ ಅನ್ನುವ ಡೆಸ್ಕ್‌ಟಾಪ್ ಆದರೆ ಸಿಸ್ಟಂ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟಕ್ಕೆ ಹೋಗಿ ಐಬಸ್ ವೇಲ್ಯಾಂಡ್ ಅನ್ನು ಆರಿಸಬೇಕು. ಹೆಸರು ನೋಡಿ ಇದು ಪರದೆಯ ಮೇಲೆ ಬರುವ ಕೀಬೋರ್ಡ್ ಅಂದುಕೊಂಡು ಆ ಪುಟವನ್ನು ಯಾರೂ ತೆಗೆಯಲ್ಲ, ಆಮೇಲೆ ವೇಲ್ಯಾಂಡ್‌ನಲ್ಲಿ ಕನ್ನಡ ಬರಲ್ಲ ಅಂತ ದೂರುತ್ತಾರೆ. ಅಕ್ಷರ ಮಸುಕಾಗಿ ಕಂಡರೆ ಅದಕ್ಕೂ ಕಾರಣ ಇದೆ. ಪರದೆಯನ್ನು 125 ಅಥವಾ 150 ಪರ್ಸೆಂಟ್ ದೊಡ್ಡದು ಮಾಡಿಕೊಂಡಿದ್ದು, ಆ್ಯಪ್ ಇನ್ನೂ ಎಕ್ಸ್‌ಗಾಗಿ ಬರೆದದ್ದೇ ಆಗಿದ್ದರೆ, ಅದು ಎಕ್ಸ್‌ವೇಲ್ಯಾಂಡ್ ಅನ್ನುವ ಸೇತುವೆ ಮೇಲೆ ಓಡುತ್ತದೆ, ಅಲ್ಲಿ ಚಿತ್ರವನ್ನು ಎಳೆದು ದೊಡ್ಡದು ಮಾಡಿರುತ್ತಾರೆ. ಒತ್ತಕ್ಷರ ಕಲಸಿಹೋದ ಹಾಗೆ ಕಾಣುತ್ತದೆ. ಆಗ 100ಕ್ಕೆ ಇಟ್ಟು ಅಕ್ಷರದ ಗಾತ್ರ ಮಾತ್ರ ಹೆಚ್ಚಿಸಿಕೊಳ್ಳುವುದು ಒಳ್ಳೆಯದು, ನಾನು ಹಾಗೇ ಮಾಡಿದ್ದೇನೆ.

ಫೈರ್‌ಫಾಕ್ಸ್ 121ರಿಂದ, ಅಂದರೆ 2023ರ ಡಿಸೆಂಬರಿನಿಂದ, ವೇಲ್ಯಾಂಡ್ ಸೆಷನ್ ಇದ್ದರೆ (ಲಾಗಿನ್ ಆಗುವಾಗ ವೇಲ್ಯಾಂಡ್ ಆರಿಸಿದ್ದರೆ) ತಾನಾಗೇ ಅದನ್ನೇ ಬಳಸುತ್ತದೆ. ಅನುಮಾನ ಇದ್ದರೆ ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಮಾಹಿತಿ ತೆಗೆದು ವಿಂಡೋ ಪ್ರೋಟೋಕಾಲ್ ಅನ್ನುವ ಸಾಲು ನೋಡಿ. ಅಲ್ಲಿ ಎಕ್ಸ್‌ವೇಲ್ಯಾಂಡ್ ಅಂತ ಇದ್ದರೆ ಸೆಷನ್ ಬದಲಾಯಿಸಿದ್ದೂ ವ್ಯರ್ಥ.

ಹೊಸ ಆವೃತ್ತಿಗಳಲ್ಲಿ ಈ ಆಯ್ಕೆಯೇ ಕಡಿಮೆಯಾಗುತ್ತಿದೆ. ಉಬುಂಟು 25.10ರಲ್ಲಿ ಗ್ನೋಮ್‌ಗೆ ಎಕ್ಸ್‌ಆರ್ಗ್ ಸೆಷನ್ನೇ ಇಲ್ಲ. ಇದರ ಬಗ್ಗೆ ಸಿಟ್ಟು ಮಾಡಿಕೊಂಡವರೂ ಇದ್ದಾರೆ, ಅವರ ಮಾತಿನಲ್ಲೂ ನಿಜ ಇದೆ. ಮೌಸ್ ಕೀಬೋರ್ಡನ್ನು ತಾನಾಗಿ ಆಡಿಸುವ ಸ್ಕ್ರಿಪ್ಟ್ ಬರೆದುಕೊಂಡಿದ್ದವರ ಎಷ್ಟೋ ಕೆಲಸ ವೇಲ್ಯಾಂಡ್‌ನಲ್ಲಿ ನಿಂತುಹೋಯಿತು. ಗ್ನೋಮ್‌ನಲ್ಲಿ ಟಚ್‌ಪ್ಯಾಡ್ ಸ್ಕ್ರಾಲ್‌ನ ವೇಗ ಹೊಂದಿಸಲು ಒಂದು ಸರಳ ಗುಂಡಿ ಕೊಡದೇ ಇದ್ದದ್ದು ನನಗೂ ಬೇಜಾರು. ಕೆಡಿಇಯಲ್ಲಿ ಅದು ಇದೆ. ಸ್ಕ್ರಾಲ್ ತುಂಬಾ ಜೋರು ಅನ್ನಿಸುವವರು ಅದನ್ನೇ ಆರಿಸಿಕೊಳ್ಳಿ.

ಲಿನಕ್ಸ್ ಹಾಕಿಕೊಡುವ ಗೆಳೆಯರಿಗೆ ಒಂದು ಮಾತು. ಮನೆಯವರಿಗೋ, ಮೇಷ್ಟ್ರಿಗೋ, ಊರಿನ ಲೈಬ್ರರಿಗೋ ಹಾಕಿಕೊಟ್ಟ ಮೇಲೆ ಎಲ್ಲಾ ಸರಿ ಇದೆ ಅಂತ ಹೊರಡುವ ಮೊದಲು ಐದು ನಿಮಿಷ ಪಕ್ಕದಲ್ಲಿ ಕೂತುಕೊಳ್ಳಿ. ಒಂದು ಉದ್ದದ ಕನ್ನಡ ಪುಟ ತೆಗೆದು ಅವರ ಕೈಗೆ ಕೊಡಿ. ನೀವು ಸ್ಕ್ರಾಲ್ ಮಾಡಬೇಡಿ, ಅವರು ಮಾಡಲಿ. ಸ್ಕ್ರೀನ್ ಶೇರ್‌ಗಾಗಿ ಎಕ್ಸ್‌ಗೆ ಬದಲಾಯಿಸಿದ್ದರೆ ಈಗ ಮತ್ತೊಮ್ಮೆ ನೋಡಿ, ಪರದೆಯ ಚಿತ್ರವನ್ನು ಬೇರೆ ಆ್ಯಪಿಗೆ ತಲುಪಿಸುವ ಪೈಪ್‌ವೈರ್ ಬಂದ ಮೇಲೆ ಬ್ರೌಸರಿನಲ್ಲಿ ಅದು ಆಗುತ್ತದೆ. ಯಾವ ವಿಂಡೋ ತೋರಿಸಬೇಕು ಅಂತ ಒಂದು ಪೆಟ್ಟಿಗೆ ಬಂದು ಕೇಳುತ್ತದೆ, ಅಷ್ಟೇ. ಒಂದು ಮೀಟಿಂಗಿಗೋಸ್ಕರ ಮಾಡಿದ ಬದಲಾವಣೆಯಿಂದ ಒಬ್ಬ ಮನುಷ್ಯ ವರ್ಷವಿಡೀ ತಲೆ ಹಿಡಿದುಕೊಂಡು ಓದಿದ್ದಾರೆ.

ಚಿಕ್ಕಪ್ಪ ಮೊನ್ನೆ ಫೋನ್ ಮಾಡಿದ್ದರು. ಒಂದೇ ಸಂಜೆಯಲ್ಲಿ ನಲವತ್ತು ಪುಟ ಓದಿದೆ ಅಂದರು. ಅವರ ಗೆಳೆಯರೊಬ್ಬರು, ಅವರೂ ಮೇಷ್ಟ್ರೇ, ಹೊಸ ಲ್ಯಾಪ್‌ಟಾಪಿಗೆ ದುಡ್ಡು ಹೊಂದಿಸುತ್ತಿದ್ದಾರಂತೆ. "ನೀನು ಬಂದು ನೋಡೋವರ್ಗೂ ತಗಬ್ಯಾಡಿ ಅಂತ ಯೋಳಿವ್ನಿ" ಅಂದರು. ಭಾನುವಾರ ಬೆಳಗ್ಗೆ ಟ್ರೈನಿಗೆ ಮಂಡ್ಯಕ್ಕೆ ಹೋಗುತ್ತಿದ್ದೇನೆ.