ಸಿವಿಲೈಸೇಶನ್ 6: ಪಕ್ಕದವನ ಮೇಲೆ ಶುರುವಲ್ಲೇ ಯುದ್ಧಕ್ಕೆ ಹೋಗ್ಬೇಕಾ? ಪರ - ವಿರೋಧ

ಹತ್ತನೇ ಟರ್ನಲ್ಲಿ (ಸರದಿಯಲ್ಲಿ) ಸ್ಕೌಟ್ ಒಂದು ಗುಡ್ಡ ಹತ್ತಿ ನೋಡತ್ತೆ, ಏಳೆಂಟು ಟೈಲ್ (ಮ್ಯಾಪಿನ ಮನೆ) ಆಚೆ ಇನ್ನೊಬ್ಬನ ರಾಜಧಾನಿ. ಊರು ಕಟ್ಟಿ ಸಾಮ್ರಾಜ್ಯ ಬೆಳೆಸೋ ಕಂಪ್ಯೂಟರ್ ಆಟ ಸಿವಿಲೈಸೇಶನ್ 6 ಆಡೋರಿಗೆಲ್ಲ ಈ ಗಳಿಗೆ ಗೊತ್ತು. ಈಗ್ಲೇ ಹೊಡೀಬೇಕಾ, ಸುಮ್ನಿರ್ಬೇಕಾ? ನಾನು ಎರಡೂ ಥರ ಆಡಿದೀನಿ, ಎರಡರ ಬಗ್ಗೆಯೂ ಹೇಳೋದಿದೆ.

ಪರ

ಹೋಗೋದಿದ್ರೆ ಗೋಡೆ ಏಳೋಕ್ಮುಂಚೆ ಹೋಗಿ. ಗೋಡೆ ಇಲ್ಲದ ಸಿಟಿಗೆ 200 ಹೆಲ್ತ್ ಅಷ್ಟೇ, ಅದು ತಿರುಗಿ ಬಾಣ ಬಿಡಲ್ಲ, ನಾಲ್ಕು ಆರ್ಚರ್ ಎರಡು ವಾರಿಯರ್ ಇದ್ರೆ ಆರ್ಚರ್‌ಗಳು ಎರಡು ಟೈಲ್ ದೂರದಲ್ಲಿ ನಿಂತು ಸವೆಸ್ತಾ ಹೋಗ್ತವೆ, ಕೊನೇ ಏಟಿಗೆ ವಾರಿಯರ್ ಒಳಗೆ ನುಗ್ಗಿದ್ರೆ ಊರು ನಿಮ್ದು. ಅದೇ ಅವನು ಮೇಸನ್ರಿ ಅನ್ನೋ ಟೆಕ್ನಾಲಜಿ ಕಲ್ತು ಗೋಡೆ ಕಟ್ಟಿದ ಅಂದ್ರೆ ಆಟಾನೇ ಬದಲಾಗತ್ತೆ. ನಿಮ್ಮ ಬಾಣಕ್ಕೆ ಗೋಡೆ ಅಷ್ಟು ಸುಲಭವಾಗಿ ಬಗ್ಗಲ್ಲ, ಸಿಟಿನೇ ಪ್ರತಿ ಟರ್ನ್ ನಿಮ್ಮ ಒಂದು ಯೂನಿಟ್‌ಗೆ ಹೊಡೆಯತ್ತೆ, ಗೋಡೆ ಒಡೆಯೋಕೆ ಬ್ಯಾಟರಿಂಗ್ ರ‍್ಯಾಮ್ ಬೇಕು, ಅದಕ್ಕೆ ನೀವೂ ಅದೇ ಮೇಸನ್ರಿ ಕಲೀಬೇಕು.

ಇನ್ನೊಂದು ವಿಷಯ ತುಂಬ ಜನ ಗಮನಿಸಲ್ಲ. ಸಿಟಿಯ ಬಲ ಅನ್ನೋದು ಅದರ ಒಡೆಯ ಅಲ್ಲೀವರೆಗೂ ಮಾಡಿರೋ ಅತಿ ಬಲವಾದ ಮೆಲೀ (ಹತ್ತಿರ ಹೋಗಿ ಹೊಡೆಯೋ) ಯೂನಿಟ್‌ಗಿಂತ 10 ಕಮ್ಮಿ ಇರತ್ತೆ. ಹಾಗಾಗಿ ಅವನು ಎಲ್ಲೋ ಮೂಲೇಲಿ ಒಂದು ಸ್ವೋರ್ಡ್ಸ್‌ಮನ್ ಮಾಡಿದ್ರೂ ಅವನ ಊರುಗಳೆಲ್ಲ ಗಟ್ಟಿಯಾಗ್ತವೆ. ಇವತ್ತು ಮೆತ್ತಗಿರೋ ರಾಜಧಾನಿ ಮೂವತ್ತು ಟರ್ನ್ ಆದ್ಮೇಲೆ ಹಾಗೇ ಇರಲ್ಲ.

ಡೀಟಿ ಲೆವೆಲ್ಲಲ್ಲಿ, ಅಂದ್ರೆ ಅತಿ ಕಷ್ಟದ ಮಟ್ಟದಲ್ಲಿ, ಆಡೋರಿಗೆ ಈ ವಾದ ಇನ್ನೂ ಜೋರು. ಅಲ್ಲಿ ಎಐ (ಕಂಪ್ಯೂಟರ್ ಆಡಿಸೋ ಎದುರಾಳಿ) ಮೂರು ಸೆಟ್ಲರ್ (ಹೊಸ ಊರು ಕಟ್ಟೋ ಯೂನಿಟ್) ಇಟ್ಕೊಂಡು ಶುರು ಮಾಡತ್ತೆ, ನಿಮ್ಗೆ ಒಂದೇ. ನೀವು ಮಾಡೋ ಪ್ರತಿ ಸೆಟ್ಲರ್ ಹಿಂದಿನದಕ್ಕಿಂತ ದುಬಾರಿ ಆಗ್ತಾ ಹೋಗತ್ತೆ, ಅಂದ್ಮೇಲೆ ಅವನು ಕಟ್ಟಿದ ಊರನ್ನ ತಗೊಳ್ಳೋದೇ ಅಗ್ಗ ಅಲ್ವಾ? ಕಾವಲಿಲ್ಲದೆ ಓಡಾಡೋ ಅವನ ಸೆಟ್ಲರ್ ಸಿಕ್ಕಿದ್ರೆ ಅದೂ ನಿಮ್ದೇ, ಸೆಟ್ಲರ್ ಆಗೇ ಉಳಿಯತ್ತೆ. ಮೇಲಾಗಿ ಶುರುವಲ್ಲಿ ನಿಮ್ಮನ್ನ ನೋಡಿರೋರೇ ಒಬ್ಬಿಬ್ರು, ಮತ್ತೆ 2019ರ ಗ್ಯಾದರಿಂಗ್ ಸ್ಟಾರ್ಮ್ ಎಕ್ಸ್‌ಪ್ಯಾನ್ಶನ್ ಬಂದಾಗಿಂದ ಇರೋ ಗ್ರೀವೆನ್ಸ್ (ಯುದ್ಧ ಸಾರಿದವನ ಮೇಲೆ ಏರೋ ಅಸಮಾಧಾನದ ಲೆಕ್ಕ) ಹಳೇ ಯುಗದಲ್ಲಿ ಬೇಗ ಕರಗತ್ತೆ, ಮುಂದೆ ಹೋಗ್ತಾ ಜನ ಮರೆಯೋದು ನಿಧಾನ.

ಯಾರನ್ನ ಇಟ್ಕೊಂಡು ಆಡ್ತಿದೀರ ಅನ್ನೋದೂ ಮುಖ್ಯ. ಸುಮೇರಿಯಾದ ಗಿಲ್ಗಮೆಶ್ ಸಿಕ್ಕಿದ್ರೆ ಅವನ ವಾರ್ ಕಾರ್ಟ್‌ಗೆ (ಯುದ್ಧದ ಗಾಡಿಗೆ) ಯಾವ ಟೆಕ್ನಾಲಜಿಯೂ ಬೇಡ, ಬಲ 30, ಎದುರಿನ ವಾರಿಯರ್‌ಗೆ 20. ಅದನ್ನ ಕೈಲಿಟ್ಕೊಂಡು ನೂರನೇ ಟರ್ನ್‌ವರೆಗೂ ಕಾಯೋರನ್ನ ಕಂಡ್ರೆ ನಂಗೆ ಬೇಜಾರಾಗತ್ತೆ.

ವಿರೋಧ

ಮೊದ್ಲು ಲೆಕ್ಕ ಹಾಕೋಣ. ಸ್ಟ್ಯಾಂಡರ್ಡ್ ಸ್ಪೀಡಲ್ಲಿ ಆರ್ಚರ್‌ಗೆ 60 ಪ್ರೊಡಕ್ಷನ್ (ಊರಿನ ಉತ್ಪಾದನೆ) ಬೇಕು, ವಾರಿಯರ್‌ಗೆ 40. ಆಟದ ಜೊತೆ ಬರೋ ವಾರಿಯರ್ ಬಿಟ್ಟು ಇನ್ನೊಂದು ವಾರಿಯರ್, ನಾಲ್ಕು ಆರ್ಚರ್ ಅಂದ್ರೆ 280. ರಾಜಧಾನಿ ಟರ್ನಿಗೆ 8 ಕೊಟ್ರೆ 35 ಟರ್ನ್, ಇಂಥ ಸೈನ್ಯ ಬೇಗ ಮಾಡೋಕೆ ಇರೋ ಅಗೋಗಿ ಪಾಲಿಸಿ ಮೊದಲಿಂದ್ಲೂ ಹಾಕ್ಕೊಂಡಿದ್ರೂ 23-24 ಟರ್ನ್. ಅಷ್ಟು ಹೊತ್ತು ನಿಮ್ಮೂರಲ್ಲಿ ಸೆಟ್ಲರ್ ಇಲ್ಲ, ಮಾನ್ಯುಮೆಂಟ್ ಇಲ್ಲ, ಕ್ಯಾಂಪಸ್ ಇಲ್ಲ. ಯುದ್ಧ ಗೆದ್ರೆ ಸರಿ. ಸೋತ್ರೆ ಎಲ್ರಿಗಿಂತ ಹಿಂದೆ ಬಿದ್ದು ಇಡೀ ಆಟ ಕುಂಟ್ತಾ ಹೋಗ್ಬೇಕು, ಯಾಕಂದ್ರೆ ಮೊದಲ ಐವತ್ತು ಟರ್ನಲ್ಲಿ ಕಳ್ಕೊಂಡಿದ್ದು ಬಡ್ಡಿ ಸಮೇತ ಬೆಳೆಯತ್ತೆ. ಡೀಟಿಯಲ್ಲಿ ಎದುರಿನವನ ಹತ್ರ ಶುರುವಲ್ಲೇ ಐದು ವಾರಿಯರ್ ಇರತ್ತೆ, ಪ್ರತಿ ಯೂನಿಟ್‌ಗೂ 4 ಬಲ ಜಾಸ್ತಿ. ಪರವಾದ ಮಾಡೋರು ಮೂರು ಸೆಟ್ಲರ್ ಮಾತ್ರ ಹೇಳ್ತಾರೆ, ಈ ಐದನ್ನ ಹೇಳಲ್ಲ. ಕೈಗೆ ಬರದೆ ಇದ್ರೆ ಬಿಟ್ಟು ಬರೋಣ ಅಂದ್ರೆ ಹತ್ತು ಟರ್ನ್‌ವರೆಗೂ ಶಾಂತಿ ಮಾಡ್ಕೊಳ್ಳೋಕೂ ಆಗಲ್ಲ.

ಊರು ಗೆದ್ರೂ ಉಳಿಯತ್ತೆ ಅಂತಿಲ್ಲ. 2018ರ ರೈಸ್ ಆಂಡ್ ಫಾಲ್ ಎಕ್ಸ್‌ಪ್ಯಾನ್ಶನ್ ತಂದ ಲಾಯಲ್ಟಿ (ಊರಿನ ನಿಷ್ಠೆ ಯಾರ ಕಡೆ ಅನ್ನೋ ಲೆಕ್ಕ) ಇದೆಯಲ್ಲ, ಸುತ್ತ ಒಂಬತ್ತು ಟೈಲ್ ಒಳಗಿನ ಊರುಗಳ ಜನಸಂಖ್ಯೆ ಎಲ್ಲ ಸೇರಿ ಎಳೆಯತ್ತೆ. ಗಡಿಯ ಊರೊಂದನ್ನ ಹಿಡ್ಕೊಂಡು ಅವನ ರಾಜಧಾನಿ ಹಾಗೇ ಬಿಟ್ರೆ ಅದು ಕೆಲವೇ ಟರ್ನಲ್ಲಿ ಬಂಡೆದ್ದು ಕೈಬಿಡತ್ತೆ. ಗವರ್ನರ್ ಹಾಕಿದ್ರೆ ಲಾಯಲ್ಟಿ 8 ಸಿಗತ್ತೆ, ಆದ್ರೆ ಅವರು ಅಲ್ಲಿ ಕೂರೋಕೇ ಐದು ಟರ್ನ್ ಬೇಕು, ವಿಕ್ಟರ್ ಅನ್ನೋ ಗವರ್ನರ್ ಆದ್ರೆ ಮೂರು.

ಇಲ್ಲಿ ಆಟದ ಇನ್ನೊಬ್ಬ ನಾಯಕ ಚಂದ್ರಗುಪ್ತ ಮೌರ್ಯನ ಮಾತು ಬರ್ಬೇಕು. ಶ್ರವಣಬೆಳಗೊಳಕ್ಕೆ ಹೋದಾಗೆಲ್ಲ ನಾನು ಚಂದ್ರಗಿರಿ ಹತ್ತಿ ಬರ್ತೀನಿ, ಜೈನ ಪರಂಪರೆ ಪ್ರಕಾರ ಆ ರಾಜ ಸಾಮ್ರಾಜ್ಯ ಬಿಟ್ಟು ಬಂದು ಸಲ್ಲೇಖನ ಮಾಡಿದ ಜಾಗ ಅದು. ಆಟದಲ್ಲಿ ಅವನಿಗೆ ಕೊಟ್ಟಿರೋ ಶಕ್ತಿಯ ಹೆಸರು ಅರ್ಥಶಾಸ್ತ್ರ: ನೆಲ ವಿಸ್ತರಿಸೋ ಯುದ್ಧ ಸಾರಿದ್ರೆ ಮೊದಲ 10 ಟರ್ನ್ ಸೈನ್ಯಕ್ಕೆ 2 ಮೂವ್‌ಮೆಂಟ್, 5 ಬಲ ಜಾಸ್ತಿ. ಆದ್ರೆ ಕೌಟಿಲ್ಯ ನಿಜವಾಗಿ ಹೇಳೋದು ಬೇರೆ. ಸಂಧಿಯಿಂದ್ಲೂ ಯುದ್ಧದಿಂದ್ಲೂ ಬರೋ ಲಾಭ ಒಂದೇ ಇದ್ರೆ ಸಂಧಿ ಮಾಡ್ಕೋ ಅಂತಾನೆ, ಯಾಕಂದ್ರೆ ಯುದ್ಧದಲ್ಲಿ ಕ್ಷಯ ಇದೆ, ವ್ಯಯ ಇದೆ, ಪ್ರವಾಸ ಇದೆ. ಕ್ಷಯ ಅಂದ್ರೆ ಸಾಯೋ ಯೂನಿಟ್‌ಗಳು. ವ್ಯಯ ಅಂದ್ರೆ ಮೇಲೆ ಹಾಕಿದ ಆ 280. ಆದ್ರೆ ಪ್ರವಾಸ, ಅಂದ್ರೆ ಮನೆ ಬಿಟ್ಟು ದೂರ ಹೋಗಿರೋದು, ಇದನ್ನ ನಾವ್ಯಾರೂ ಲೆಕ್ಕಕ್ಕೇ ಇಟ್ಕೊಳ್ಳಲ್ಲ. ಸೈನ್ಯ ಎಲ್ಲ ಎಂಟು ಟೈಲ್ ಆಚೆ ಇದ್ದಾಗ ಹಿಂದ್ಗಡೆಯಿಂದ ಬಾರ್ಬೇರಿಯನ್ ಕುದುರೆಗಳು ಬಂದು ಗದ್ದೆ ಗಣಿ ಎಲ್ಲ ಸುಟ್ಟು ಬಿಲ್ಡರ್‌ನ ಹಿಡ್ಕೊಂಡು ಹೋಗ್ತವೆ, ವಾಪಸ್ ಬರೋ ಹೊತ್ತಿಗೆ ಮನೆಯಲ್ಲಿ ಏನೂ ಉಳಿದಿರಲ್ಲ. ನಂಗೆ ಒಂದ್ಸಲ ಹೀಗಾದ್ಮೇಲೆ ಕೌಟಿಲ್ಯನ ಆ ಮೂರು ಪದ ತಲೇಲಿ ಕೂತ್ಬಿಟ್ಟಿದೆ.

ಹಾಗಂತ ಸೈನ್ಯವೇ ಬೇಡ ಅಂತಲ್ಲ. ಮೂರು ಆರ್ಚರ್ ಮಾಡಿ, ಮನೇಲೇ ಇಟ್ಕೊಳ್ಳಿ. ಪಕ್ಕದವನು ಹೆಚ್ಚಿನ ಸಲ ತಾನಾಗೇ ಬರ್ತಾನೆ, ಆಗ ಯುದ್ಧ ಸಾರಿದ ಗ್ರೀವೆನ್ಸ್ ಅವನ ತಲೆ ಮೇಲೆ. ಹೋದ ತಿಂಗಳ ಆಟದಲ್ಲಿ ಹಾಗೇ ಆಯ್ತು. ಐವತ್ತನೇ ಟರ್ನ್ ಆಸುಪಾಸಲ್ಲಿ ಏಳು ಯೂನಿಟ್ ಬಂತು. ನಮ್ಮೂರ ಮುಂದೆ ನದಿ, ದಾಟಿ ಹೊಡೆಯೋರಿಗೆ ಬಲ ಕಮ್ಮಿ, ಆರ್ಚರ್‌ಗಳು ಹಿಂದಿನ ಗುಡ್ಡದ ಮೇಲೆ. ಹನ್ನೆರಡು ಟರ್ನಲ್ಲಿ ಅವನ ಕಡೆ ಒಂದು ಸ್ಪಿಯರ್‌ಮನ್ ಉಳೀತು. ಆಮೇಲೆ ಅವನೇ ಶಾಂತಿ ಕೇಳ್ಕೊಂಡು ಬಂದು ಇದ್ದ ಚಿನ್ನ ಎಲ್ಲ ಕೊಟ್ಟ, ಆ ಚಿನ್ನಕ್ಕೆ ನಂದನ್ನೂ ಸೇರಿಸಿ ನಾಲ್ಕನೇ ಸೆಟ್ಲರ್ ಕೊಂಡೆ.