ಮುಯ್ಯಿ ತೀರಿಸಲು ಆಗದವರ ಗತಿ?

ನೀತಿ ಅಂದರೆ ಸ್ವಾರ್ಥಿಗಳು ಮಾಡಿಕೊಂಡ ಒಪ್ಪಂದ, ಅಷ್ಟೇ ಅಂತ ಲೇಖನದಲ್ಲಿ ಬರೆದಿದ್ದೀರಿ ಸರ್. ಅರ್ಧ ಒಪ್ಪುತ್ತೇನೆ. ಆದರೆ ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್, ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ ಇಬ್ಬರನ್ನೂ ಒಂದೇ ಗಂಟಿಗೆ ಕಟ್ಟಿದ್ದು ಸರಿಯಲ್ಲ. ಹಾಬ್ಸ್ 1651ರಲ್ಲಿ ಹೇಳಿದ್ದು ಭಯದ ಮಾತು. ತಪ್ಪಿದವರನ್ನು ದಂಡಿಸುವ ದೊರೆ ಇಲ್ಲದಿದ್ದರೆ ಕೊಟ್ಟ ಮಾತಿಗೆ ಬೆಲೆಯಿಲ್ಲ ಅಂತ. ಹ್ಯೂಮ್ ಹಾಗಲ್ಲ. ಇಬ್ಬರು ಒಂದೇ ದೋಣಿಗೆ ಹುಟ್ಟು ಹಾಕುವಾಗ ಯಾರೂ ಯಾರಿಗೂ ಮಾತು ಕೊಟ್ಟಿರುವುದಿಲ್ಲ, ಆದರೂ ಹುಟ್ಟು ಜೊತೆಗೇ ಬೀಳುತ್ತದೆ ಅನ್ನುತ್ತಾನೆ.

ನಮ್ಮ ಚಿತ್ತಾಪುರದ ಕಡೆ ತೊಗರಿ ಕೊಯ್ಲಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಇವತ್ತು ಅವರ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವರು. ಕಾಗದ ಇಲ್ಲ, ಸಾಕ್ಷಿ ಇಲ್ಲ. ಕೈ ಕೊಟ್ಟವನ ಹೊಲಕ್ಕೆ ಮುಂದಿನ ಸಲ ಯಾರೂ ಕುಡುಗೋಲು ಹಿಡಿದು ಹೋಗುವುದಿಲ್ಲ. ಕಾಯಿ ಒಣಗಿ ಸಿಡಿದು ಕಾಳೆಲ್ಲ ನೆಲದ ಪಾಲು. (ಈಗ ಮಷಿನ್ ಬಂದು ಮುಯ್ಯಾಳು ಕಡಿಮೆಯಾಗಿದೆ, ಅದು ಬೇರೆ ಮಾತು.)

ಇಲ್ಲಿವರೆಗೆ ನಿಮ್ಮ ಲೆಕ್ಕ ಸರಿ. ಆದರೆ ತಿರುಗಿ ದುಡಿಯಲು ಆಗದವರು? ನಮ್ಮ ಓಣಿಯಲ್ಲಿ ಒಬ್ಬ ವಯಸ್ಸಾದ ಅವ್ವ ಇದ್ದಾರೆ. ಮಕ್ಕಳು ಮುಂಬೈಗೆ ದುಡಿಯಲು ಹೋಗಿದ್ದಾರೆ. ಅವರ ಹೊಲ ಕೊಯ್ದರೆ ಯಾರಿಗೂ ಮುಯ್ಯಿ ಬರುವುದಿಲ್ಲ. ಆದರೂ ಜನ ಹೋಗುತ್ತಾರೆ, ಅವ್ವ ಕೊಟ್ಟ ಚಹಾ ಕುಡಿದು ಬರುತ್ತಾರೆ. ಹೆಸರು ಬರಲಿ ಅಂತ ಮಾಡುತ್ತಾರೆ ಅಂತೀರಾ? ಇರಬಹುದು. ಆದರೆ ಅದು ಒಳ್ಳೆಯದು ಅಂತ ಊರು ಮೊದಲೇ ಒಪ್ಪಿದ್ದರೆ ತಾನೇ ಹೆಸರು ಬರೋದು? ಅದಕ್ಕೇ ಹ್ಯೂಮ್ ಸ್ವಾರ್ಥದ ಜೊತೆ ಇನ್ನೊಬ್ಬರ ನೋವಿಗೆ ಮಿಡಿಯುವ ಮನಸ್ಸನ್ನೂ ಸೇರಿಸಿದ. ಲೇಖನದಲ್ಲಿ ಅದೊಂದು ಸಾಲೂ ಇಲ್ಲ, ಯಾಕೆ ಬಿಟ್ಟಿರಿ ಸರ್?