ಯೇತಿಗೆ ಕೈ ನೋವು, ನಮಗೆ ಕಾಲು ನೋವು

ಫ್ಲೋರಿಡಾದ ಡಿಸ್ನಿಯಲ್ಲಿ ಎವರೆಸ್ಟ್ ಹೆಸರಿನ ಒಂದು ರೋಲರ್ ಕೋಸ್ಟರ್ ಇದೆ, 2006ರದ್ದು. ರೈಲು ಗುಡ್ಡದೊಳಗೆ ನುಗ್ಗುವಾಗ ದೊಡ್ಡದೊಂದು ಯೇತಿ, ಅಂದರೆ ಹಿಮಾಲಯದ ಕಥೆಗಳ ಹಿಮಮಾನವನ ಗೊಂಬೆ, ಮೇಲಿಂದ ಕೈ ಬೀಸಬೇಕು. ಬೀಸಿತು ಕೂಡ, ಕೆಲವು ತಿಂಗಳು. ಆಮೇಲೆ ಕೈ ನಿಂತುಹೋಯಿತು. ಆಗ ಅದರ ಮೇಲೆ ಪಕಪಕ ಮಿನುಗುವ ಲೈಟು ಬಿಟ್ಟರು, ಅಲ್ಲಾಡಿದ ಹಾಗಾದರೂ ಕಾಣಲಿ ಅಂತ. ನಮ್ಮೂರ ನಾಟಕದಲ್ಲಿ ದೆವ್ವ ಬರುವಾಗ ಒಬ್ಬ ಪರದೆ ಹಿಂದೆ ನಿಂತು ಸ್ವಿಚ್ಚು ಹಾಕಿ ತೆಗೆದು ಮಾಡುತ್ತಿದ್ದನಲ್ಲ, ಅದೇ ಉಪಾಯ. ಜನ ಅದಕ್ಕೆ ಡಿಸ್ಕೋ ಯೇತಿ ಅಂತ ಹೆಸರಿಟ್ಟು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಸಾಲಿನಲ್ಲಿ ನಿಂತು ನೋಡಿ ಬಂದರು. ಕೆಟ್ಟದ್ದಕ್ಕೇ ಅಭಿಮಾನಿಗಳು!

ಹೋದ ಬೇಸಿಗೆಯಲ್ಲಿ ಊರಿಂದ ಬಂದಿದ್ದ ಅಮ್ಮನನ್ನು ಇಲ್ಲೇ ಅಮೆರಿಕದಲ್ಲಿ ಇಂಥದೇ ಒಂದು ಆಟದ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಯಾವುದು ಅಂತ ಕೇಳಬೇಡಿ. ಒಂದು ಗಂಟೆ ಹತ್ತು ನಿಮಿಷ ನಿಂತು, ಇನ್ನೇನು ಎಂಟು ಜನ ಮುಂದೆ ಇದ್ದಾರೆ ಅನ್ನುವಾಗ ಮೈಕಿನಲ್ಲಿ ನಗುವ ದನಿ ಬಂತು: ಈ ರೈಡು ತಾತ್ಕಾಲಿಕವಾಗಿ ನಿಂತಿದೆ, ಬೇರೆ ಆಟಗಳನ್ನು ಆನಂದಿಸಿ. ಅಮ್ಮ ಸುಮ್ನೆ ನನ್ನ ಮುಖ ನೋಡಿದರು. "ತಿರುಪತಿಯಲ್ಲಿ ಇದಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದೀನಪ್ಪ. ಆದರೆ ಬಾಗಿಲ ಹತ್ತಿರ ಹೋದಮೇಲೆ ದೇವರು ಕೆಟ್ಟು ನಿಂತಿದ್ದಾನೆ, ಪಕ್ಕದ ಗುಡಿಗೆ ಹೋಗಿ ಅಂತ ಯಾರೂ ಹೇಳಿಲ್ಲ."

ಒಂದು ಮಾತು ಒಪ್ಪಬೇಕು. ರೈಡು ನಿಲ್ಲುವುದರಲ್ಲಿ ಬಹಳ ಸಲ ತಪ್ಪೇ ಇರುವುದಿಲ್ಲ. ಹಳಿಯನ್ನು ತುಂಡು ತುಂಡಾಗಿ ಭಾಗ ಮಾಡಿರುತ್ತಾರೆ, ಒಂದು ಭಾಗದಲ್ಲಿ ಒಂದೇ ರೈಲು ಇರಬೇಕು. ಯಾವುದೋ ಸೆನ್ಸರಿಗೆ ಒಂದಿಷ್ಟು ಅನುಮಾನ ಬಂದರೂ ಸಾಕು, ಕಂಪ್ಯೂಟರು ಎಲ್ಲವನ್ನೂ ನಿಲ್ಲಿಸುತ್ತದೆ. ನಿಲ್ಲಿಸಲಿ, ಜೀವದ ಪ್ರಶ್ನೆ. ಆ ಇಡೀ ಜಾಗದಲ್ಲಿ ತಲೆ ನೆಟ್ಟಗಿರುವುದು ಆ ಸೆನ್ಸರಿಗೆ ಮಾತ್ರ ಅಂತ ನನಗೆ ಅನುಮಾನ. ಉಳಿದವರನ್ನು ನೋಡಿ. ಯಾವ ರೈಡು ಯಾವ ದಿನ ಎಷ್ಟು ಹೊತ್ತು ನಿಂತಿತ್ತು ಅಂತ ಲೆಕ್ಕ ಇಡುವ ವೆಬ್‌ಸೈಟುಗಳಿವೆ, ಆ ಲೆಕ್ಕ ನೋಡಿ ರಜೆ ಹಾಕುವ ನನ್ನಂಥವರಿದ್ದಾರೆ. ಮಗಳ ಮದುವೆಗೆ ಮುಹೂರ್ತ ಹುಡುಕುವಾಗಲೂ ಇಷ್ಟು ಕಣ್ಣು ಕೆಂಪಾಗುವುದಿಲ್ಲ. ಬೆಂಗಳೂರಲ್ಲಿ ಕರೆಂಟು ತೆಗೆಯುವುದಾದರೂ ಎಷ್ಟೋ ಸಲ ಹಿಂದಿನ ದಿನ ಪೇಪರಿನಲ್ಲಿ ಹಾಕುತ್ತಾರೆ, ಹತ್ತರಿಂದ ಐದು, ಇಂಥಿಂಥ ಬಡಾವಣೆ ಅಂತ. ಇಲ್ಲಿ ಅದೂ ಇಲ್ಲ.

ಡಿಸ್ನಿಯಲ್ಲಿ ಸಾಲು ತಪ್ಪಿಸಿಕೊಳ್ಳುವ ಫಾಸ್ಟ್‌ಪಾಸ್ 1999ರಲ್ಲಿ ಬಂತು, ಪುಕ್ಕಟೆ. 2021ರಲ್ಲಿ ಅದರ ಜಾಗಕ್ಕೆ ದುಡ್ಡು ಕೊಟ್ಟು ಕೊಳ್ಳುವುದೊಂದು ಬಂತು, ಹೆಸರು ಲೈಟ್ನಿಂಗ್ ಲೇನ್. ಅಂದರೆ ಮಿಂಚಿನ ದಾರಿ. ಫ್ಲೋರಿಡಾ ಅಂದರೆ ಅಮೆರಿಕದಲ್ಲೇ ಸಿಡಿಲಿಗೆ ಹೆಸರಾದ ರಾಜ್ಯ, ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಸಾಕು, ಆಕಾಶ ಗುಡುಗಲು ಶುರು. ಹತ್ತಿರದಲ್ಲಿ ನಿಜವಾದ ಮಿಂಚು ಬಂದರೆ ಹೊರಗಿನ ರೈಡುಗಳೆಲ್ಲ ಬಂದ್. ಮಿಂಚು ಕೊಂಡವರು ಮಿಂಚು ನೋಡುತ್ತಾ ಚಾವಣಿ ಕೆಳಗೆ ನಿಲ್ಲುತ್ತಾರೆ! ಪಕ್ಕದ ಅಂಗಡಿ ಮಾತ್ರ ಯಾವ ಸಿಡಿಲಿಗೂ ಜಗ್ಗುವುದಿಲ್ಲ.

ಇನ್ನು ಒಹಾಯೋದ ಸೀಡರ್ ಪಾಯಿಂಟ್ ಪಾರ್ಕು. ಅಲ್ಲಿ 420 ಅಡಿ ಎತ್ತರದ ಟಾಪ್ ಥ್ರಿಲ್ ಡ್ರಾಗ್‌ಸ್ಟರ್ ಅಂತ ಒಂದು ರೋಲರ್ ಕೋಸ್ಟರ್ ಇತ್ತು, 2003ರದ್ದು. ಕೆಲವು ಸಲ ವೇಗ ಸಾಲದೆ ರೈಲು ತುದಿ ಮುಟ್ಟದೆ ಹಿಂದಕ್ಕೆ ಜಾರಿ ಬರುತ್ತಿತ್ತು. ಅದಕ್ಕೆ ರೋಲ್‌ಬ್ಯಾಕ್ ಅನ್ನುತ್ತಾರೆ. ಹೆದರಿ ಓಡಬೇಕಾದವರು, ದೇವರೇ ಇವತ್ತು ನಂದು ಹಿಂದಕ್ಕೆ ಜಾರಲಿ ಅಂತ ಬೇಡಿಕೊಂಡು ಹತ್ತುತ್ತಿದ್ದರು, ಮತ್ತೊಮ್ಮೆ ಉಡಾಯಿಸುತ್ತಾರಲ್ಲ, ಒಂದು ಸಾಲಿಗೆ ಎರಡು ಸವಾರಿ! 2021ರ ಅವಘಡದ ನಂತರ ಅದನ್ನು ಮುಚ್ಚಿ, ಹೊಸದಾಗಿ ಕಟ್ಟಿ, 2024ರ ಮೇನಲ್ಲಿ ಟಾಪ್ ಥ್ರಿಲ್ 2 ಅಂತ ತೆರೆದರು. ಒಂದು ವಾರ ಓಡಿತು ಅನ್ನಿ. ಆ ವರ್ಷಕ್ಕೆ ಅಷ್ಟೇ. ಆ ವಾರ ಬಿಟ್ಟು ಮುಂದಿನ ವಾರಕ್ಕೆ ವಿಮಾನದ ಟಿಕೆಟ್ಟು ಮಾಡಿಸಿದವರ ಮನೆಯ ಮಾತುಕತೆ ಊಹಿಸಿಕೊಳ್ಳಿ.

ನಮ್ಮ ನ್ಯೂಜೆರ್ಸಿಯ ಕಿಂಗ್ಡಾ ಕಾ ಇದಕ್ಕೆ ದೊಡ್ಡಣ್ಣ, 456 ಅಡಿ. ಇಲ್ಲಿನ ಎಡಿಸನ್ ಊರಿನ ಕಡೆಯ ಕನ್ನಡದವರು ಊರಿಂದ ಬಂದವರಿಗೆ ದೂರದಿಂದಲಾದರೂ ತೋರಿಸುತ್ತಿದ್ದೆವು. ದೂರದಿಂದ ಅಂದರೆ ಅದು ನಿಂತಿದೆಯೋ ಓಡುತ್ತಿದೆಯೋ ಗೊತ್ತಾಗುವುದಿಲ್ಲ, ಅದೇ ಅನುಕೂಲ. 2024ರಲ್ಲಿ ಮುಚ್ಚಿದರು. 2025ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಆವತ್ತು ಮಾತ್ರ ಯಾವ ಸೆನ್ಸರೂ ತಕರಾರು ತೆಗೆಯಲಿಲ್ಲ. ಒಂದೇ ಸಲಕ್ಕೆ ಬಿತ್ತು.

ಈ ವರ್ಷದ ಪ್ಲಾನು ತಯಾರಿದೆ. ಎಕ್ಸೆಲ್‌ನಲ್ಲಿ ರೈಡಿನ ಹೆಸರು, ಹೋಗುವ ಹೊತ್ತು, ಪಕ್ಕದಲ್ಲಿ ‘ಕೆಟ್ಟರೆ’ ಅಂತ ಒಂದು ಕಾಲಂ ಮಾಡಿದ್ದೆ. ರಾತ್ರಿ ನಾನು ಮಲಗಿದ ಮೇಲೆ ಹೆಂಡತಿ ಅದನ್ನು ಮೇಲಿಂದ ಕೆಳಗಿನವರೆಗೂ ತುಂಬಿಸಿದ್ದಾಳೆ: ಮೊಸರನ್ನ, ಮೊಸರನ್ನ, ಮೊಸರನ್ನ. ಕೊನೆಯ ಸಾಲಿನಲ್ಲಿ ಮಾತ್ರ ‘ಅತ್ತೆಯನ್ನು ಕೇಳಿ’ ಅಂತ ಇದೆ. ಅಮ್ಮನಿಗೆ ಫೋನ್ ಮಾಡಿದೆ. ಈ ಸಲ ಬರಲ್ಲವಂತೆ.